ನಾಲ್ಕು ಮೂಲೆಯ ಶಾಯಿ

ಶಹಾಪುರದ ನಮ್ಮ ಮನೆ ಅವ್ವನಿಗೇ ಸೇರಬೇಕೆಂದು ಅಜ್ಜ ಬರೆದಿಟ್ಟ ಹಾಳೆ, ಅವನು ತೀರಿ ಇಪ್ಪತ್ತು ವರ್ಷದ ಮೇಲೆ, ಈ ಬೇಸಿಗೆಯಲ್ಲಿ ಟ್ರಂಕಿನೊಳಗೆ ಸಿಕ್ಕಿತು. ಸಿಕ್ಕಿದ್ದು ಅವ್ವನಿಗೇ. 1999ರ ತಾರೀಖು, ನೀಲಿ ಬಾಲ್‌ಪೆನ್ನು, ಮಾಸ್ತರನಾಗಿದ್ದ ಅಜ್ಜ ಮರಿಲಿಂಗಪ್ಪನ ಗುಂಡನೆಯ ಅಕ್ಷರ. ಅವ್ವನಿಗೆ ಅಕ್ಷರ ತಿದ್ದಿಸಿದವನೂ ಅವನೇ. ಇಬ್ಬರ ಕೈಬರಹವೂ ಒಂದೇ ಎಂದು ಸುರಪುರದಿಂದ ಬಂದ ಅವಳ ತಮ್ಮ, ನನ್ನ ಯಂಕಣ್ಣ ಮಾವ, ನೋಡಿದ ಕೂಡಲೇ ಹೇಳಿದ. ಅರ್ಧ ಮನೆ ತನ್ನದೆಂಬುದು ಅವನ ವಾದ. ಕೋರ್ಟು ಬೇಡವೆಂದವನೂ ಅವನೇ.

“ನಿನ್ನ ಮಗಳ ಮಷೀನಿಗೇ ಹಾಕು, ದೇವಕ್ಕ. ಶಿವಾನಿ ಹಳೇದ ಅಂದ್ರ ನಾ ಬಾಯಿ ಮುಚ್ಚಿ ಹೊಕ್ಕೇನಿ.”

ನಾನು ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಅಣುಗಳನ್ನು ತೂಗುವವಳು. ಸಾಸಿವೆಯಷ್ಟು ಕಾಗದವನ್ನು ಉಕ್ಕಿನ ತಟ್ಟೆಗೆ ಅಂಟಿಸಿ, ಗಾಳಿ ಹೀರಿ ತೆಗೆದ ಪೆಟ್ಟಿಗೆಗೆ ದೂಡಿ, ಲೇಸರ್ ಬಿಡುತ್ತೇವೆ. ಶಾಯಿಯ ಬಣ್ಣದ ಅಣುಗಳು ವಿದ್ಯುತ್ ಹೊತ್ತು ಎದ್ದು ಕೊಳವೆಯಲ್ಲಿ ಓಡುತ್ತವೆ. ಹಗುರಾದದ್ದು ಮೊದಲು ತುದಿ ಮುಟ್ಟುತ್ತದೆ. ಓಡಿದ ಹೊತ್ತೇ ತೂಕ ಹೇಳುತ್ತದೆ. ಹೊಸ ಶಾಯಿಯ ನೇರಳೆ ಅಣು 372 ತೂಗುತ್ತದೆ. ಬೆಳಕು ತಿಂದಂತೆಲ್ಲ ಅದು ಹದಿನಾಲ್ಕು ಹದಿನಾಲ್ಕಾಗಿ ಕಳಚಿಕೊಳ್ಳುತ್ತದೆ: 358, 344, 330.

ಹಾಳೆಯ ನಡುವಿನ ಅಕ್ಷರದಲ್ಲಿ ಈ ಎಲ್ಲ ತೂಕದ ಗೆರೆಗಳೂ ಗ್ರಾಫಿನಲ್ಲಿ ಎದ್ದವು. ಮುದಿ ಶಾಯಿ. ಅಲ್ಲಿಗೇ ಬಿಡಬಹುದಿತ್ತು. ಒಂದೇ ಚುಕ್ಕೆಯನ್ನು ನಂಬಬಾರದೆಂಬುದು ಲ್ಯಾಬಿನಲ್ಲಿ ಹತ್ತಿದ ಚಾಳಿ. ನಾಲ್ಕು ಮೂಲೆಗಳ ಅಕ್ಷರಗಳಿಂದಲೂ ಚೂರು ತೆಗೆದೆ. ನಾಲ್ಕರಲ್ಲೂ 372 ಮಾತ್ರ.

ಟ್ರಂಕಿನ ಕತ್ತಲು ಮೂಲೆಗೊಂದು ನಡುವಿಗೊಂದು ಇರುವುದಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವಾಗ ಅವ್ವ ಬಟ್ಟೆ ಹಾರದಂತೆ ನಾಲ್ಕು ಮೂಲೆಗೂ ಫರಸಿ ಕಲ್ಲಿನ ಚೂರು ಇಡುತ್ತಾಳೆ. ಕಲ್ಲಿನಡಿಗೆ ಬಿಸಿಲು ಹೋಗುವುದಿಲ್ಲ. ಹೊಸ ಹಾಳೆಯನ್ನು ಹಳತು ಮಾಡಲು ನಮ್ಮ ಕಡೆಯ ಮೇ ಬಿಸಿಲು ಸಾಕು.

ಊರಿಗೆ ಬಂದು ಅವ್ವನನ್ನು ಕೇಳಿದೆ. ಗೆದ್ದಲು ಹತ್ತಬಾರದೆಂದು ಟ್ರಂಕಿನ ಕಾಗದಗಳನ್ನು ವರ್ಷಾ ವರ್ಷಾ ಬಿಸಿಲಿಗೆ ಹಾಕುತ್ತೇನೆ ಎಂದಳು. ಹಾಗಿದ್ದರೆ ಈ ಹಾಳೆ ಈ ವರ್ಷವೇ ಏಕೆ ಕಣ್ಣಿಗೆ ಬಿತ್ತು, ಕಲ್ಲು ಪ್ರತಿ ವರ್ಷ ಅದೇ ಅಕ್ಷರಗಳ ಮೇಲೇ ಹೇಗೆ ಕೂತಿತು ಎಂದೆ. ಅವ್ವ ಒಲೆ ಸಣ್ಣ ಮಾಡಿದಳು.

“ಬರದವರು ಯಾರಂತ ಹೇಳ್ತದೇನು ನಿನ್ನ ಮಷೀನು?”

“ಇಲ್ಲ.”

“ಮನಿ ನಿಂದ ಅಂತ ನಮ್ಮಪ್ಪ ಬಾಯಿಲೆ ಹೇಳಿದ್ದ. ನಾ ಬರೇ ಕಾಗದಕ್ಕ ಇಳಿಸೀನಿ.”

ಇಪ್ಪತ್ತು ವರ್ಷ ಆ ಮಾತನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮಾವ ಬಂದ. ಚಹಾ ಬೇಡವೆಂದು ನನ್ನ ಮುಖ ನೋಡುತ್ತ ಕೂತ.

“ನಡುವಿನ ಅಕ್ಷರ ಹಳೇವು ಅದಾವು, ಮಾವ.”

ಸುಳ್ಳಲ್ಲ. ಮಿಕ್ಕ ಅಕ್ಷರಗಳ ಬಗ್ಗೆ ಅವನು ಕೇಳಲಿಲ್ಲ. ಅಕ್ಕನ ಮೇಲೆ ಸುಮ್ಮನೆ ಗುಮಾನಿ ಪಟ್ಟೆ ಎಂದು ಅವಳ ಕಾಲು ಮುಟ್ಟಿ ಹೋದ. ಅವ್ವ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಸಂಜೆ ಹೊರಡಲು ಬ್ಯಾಗು ತೆಗೆದರೆ ಬಟ್ಟೆಗಳು ನಾನು ಮಡಿಸಿದಂತೆ ಇರಲಿಲ್ಲ. ಮೂಲೆಗಳ ಗ್ರಾಫಿಗಾಗಿ ಅವ್ವ ಹುಡುಕಿದ್ದಳು. ಅದನ್ನು ನಾನು ಈ ಮನೆಗೆ ತಂದೇ ಇರಲಿಲ್ಲ.