ಚಾನೆಲ್ ಬದಲಿಸಬೇಡಿ

“ರಿಮೋಟ್ ಕೆಳಗಿಡಿ ಟೈಲರಮ್ಮ! ಚಾನೆಲ್ ಬದಲಾಯಿಸಿದ್ರೆ ನಮ್ಮಪ್ಪ ಕೈತಪ್ಪಿ ಹೋಗ್ತಾನೆ!”

ಬೀಗದವನ ಆ ಕೂಗಿಗೆ ಮೂರು ಬೀದಿ ಆಚೆಯ ನಾಯಿಗಳೂ ಬಾಯಿ ಮುಚ್ಚಿದವು. ಎದುರುಮನೆಯ ಟೈಲರಮ್ಮ ರಿಮೋಟನ್ನು ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಮೇಜಿನ ಮೇಲೆ ಬಿಟ್ಟಳು. ಅಳತೆ ಟೇಪು ಇನ್ನೂ ಅವಳ ಕುತ್ತಿಗೆಯಲ್ಲೇ ಇತ್ತು.

“ನಾನೇನ್ ಮಾಡ್ದೆ ಅಣ್ಣ? ಆಗ್ಲೇ ನಮ್ಮನೆ ಟೀವೀಲಿ ತಾತನ್ನ ಕಂಡೆ, ಕಾಣ್ತಿಲ್ಲ ಅಂತ ಈಗ ಕೇಳಿ ಓಡಿ ಬಂದೆ. ಮ್ಯಾರಥಾನ್ ಓಡೋರ ಮಧ್ಯೆ ಪಟ್ಟೆ ಪೈಜಾಮ ಹಾಕ್ಕೊಂಡು ಹೋಗ್ತಿದ್ರು.”

“ಎಲ್ಲಿ? ಯಾವ ರಸ್ತೆ?”

“ಅಂಗಿಗೆ ಗುಂಡಿ ಕಾಜಾ ಹೊಲೀತಿದ್ದೆ. ತಲೆ ಎತ್ತಿದಾಗ ಇದ್ರು. ಸೂಜಿ ಚುಚ್ಚಿ ಮತ್ತೆ ತಲೆ ಎತ್ತಿದ್ರೆ ಇಲ್ಲ.”

ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಎಂಟು ನಿಮಿಷ. ಮೇಜಿನ ಮೇಲೆ ಒಂದು ತಟ್ಟೆ, ಅದರಲ್ಲಿ ಎರಡು ಹೋಳು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ. ಯಾರೂ ಮುಟ್ಟಿರಲಿಲ್ಲ. ಬೀಗದವನ ಹೆಂಡತಿ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದಳು. ಗಂಡನ ಫೋನು ಬಂದದ್ದೇ ತಡ, ಗಿರಾಕಿಯ ಕಾಲನ್ನು ಅರ್ಧ ಬೂಟಿನಲ್ಲೇ ಬಿಟ್ಟು ಚಪ್ಪಲಿ ಅಂಗಡಿಯಿಂದ ಓಡಿ ಬಂದಿದ್ದಳು.

“ಒಂಬತ್ತಕ್ಕೆ ಮಾವಂಗೆ ಇನ್ಸುಲಿನ್ ಇಂಜೆಕ್ಷನ್ ಕೊಟ್ಟು ಹೋದೆ. ಅರ್ಧ ಗಂಟೆ ಒಳಗೆ ತಿನ್ನಿಸಿ ಅಂದಿದ್ದೆ. ಅಂದಿದ್ನೋ ಇಲ್ವೋ?”

“ಅಂದಿದ್ದೆ ಕಣೇ.”

“ಹೋದ ವರ್ಷ ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದಿದ್ರು. ಇನ್ನು ಹತ್ತು ನಿಮಿಷ ತಡವಾಗಿದ್ರೆ ಉಳೀತಿರಲಿಲ್ಲ ಅಂದ್ರು ಡಾಕ್ಟ್ರು. ನಿಮ್ಮೆದುರಿಗೇ ಅಂದ್ರು.”

“ಅಂದ್ರು,” ಎಂದ ಅವನು. ತಪ್ಪು ಒಪ್ಪಿಕೊಂಡದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಯಾಕೆಂದರೆ ಈ ಬೀಗದವನು ಸಾಮಾನ್ಯ ಆಸಾಮಿಯಲ್ಲ. ಅವನು ತೆರೆಯದ ಬೀಗವನ್ನು ಭೂಮಿಯ ಮೇಲೆ ಯಾವ ಕಾರ್ಖಾನೆಯೂ ಮಾಡಿಲ್ಲ. ಅವನು ಕೆಮ್ಮಿದರೆ ಸಾಕು, ಹಳೆಯ ಬೀರುಗಳು ತಾವಾಗಿ ಬಾಯಿ ಬಿಡುತ್ತಿದ್ದವು. ಆರು ತಿಂಗಳ ಹಿಂದೆ ಕೇಬಲಿನವನ ಜೊತೆ ಜಗಳವಾಡಿ, ಮನೆಗೆ ಬರುವ ತಂತಿಯನ್ನು ಬೀದಿಯವರೆಲ್ಲ ನೋಡುವ ಹಾಗೆ ಕತ್ತರಿಸಿ ಹಾಕಿದ. ತಾರಸಿಯ ಮೇಲೆ ತಾನೇ ಒಂದು ಆಂಟೆನಾ ಕಟ್ಟಿದ. ಹದ್ದುಗಳು ಅದನ್ನು ಕಂಡು ಸುತ್ತುಹಾಕಿ ಹೋಗುತ್ತಿದ್ದವು, ಅಷ್ಟು ದೊಡ್ಡದು. ಕೆಳಗೆ ಟೀವಿಗೆ ರೆಕಾರ್ಡ್ ಮಾಡುವ ಪೆಟ್ಟಿಗೆ. ಗಾಳಿಯಲ್ಲಿ ಬರುವುದನ್ನೆಲ್ಲ ಹಿಡಿದು ಡಿಸ್ಕಿಗೆ ತುಂಬಿದ: ಹದಿನಾಲ್ಕು ಗಂಟೆ ಹವಾಮಾನ ವರದಿ, ಯಾರೂ ಕೇಳದ ಭಾಷೆಯಲ್ಲಿ ಕುಸ್ತಿ, ಹಾಸಿಗೆಯ ಜಾಹೀರಾತು ಒಂದು ಇಡೀ ದಿನ. “ನನ್ನನ್ನ ತಪ್ಪಿಸಿಕೊಂಡು ಒಂದು ಚಿತ್ರ ಹೋಗೋ ಹಾಗಿಲ್ಲ,” ಎನ್ನುತ್ತಿದ್ದ. ತುಂಬಿ ತುಂಬಿ ಡಿಸ್ಕು ಹೋದ ವಾರವೇ ಬಾಯಿಮಟ್ಟ ಬಂದಿತ್ತು. ಇವತ್ತು ಮ್ಯಾರಥಾನ್ ತಮ್ಮ ಬೀದಿಯ ತುದಿಯಲ್ಲೇ ಹಾದು ಹೋಗುವಾಗ ರೆಕಾರ್ಡ್ ಗುಂಡಿ ಒತ್ತಿದರೆ ಪೆಟ್ಟಿಗೆ ಜಾಗವಿಲ್ಲ ಎಂದಿತ್ತು.

ಆಂಟೆನಾ ತಿರುಗಿಸಲು ಇಬ್ಬರು ಬೇಕು. ಮೇಲೊಬ್ಬ ತಿರುಗಿಸುವವ, ಕೆಳಗೊಬ್ಬ ಚಿತ್ರ ನೋಡಿ ಕೂಗುವವ. ಕೂಗುವ ಕೆಲಸ ಅಪ್ಪನದು. ಮಗನ ಹೆಸರು ಮರೆತಿದ್ದ, ಸತ್ತ ಹೆಂಡತಿಯನ್ನು ಊಟಕ್ಕೆ ಕರೆಯುತ್ತಿದ್ದ ಮುದುಕ, ಟೀವಿ ಮುಂದೆ ಕುರ್ಚಿ ಹಾಕಿ ಕೂರಿಸಿದರೆ ಸಾಕು, “ಬಂತು!” “ಹೋಯ್ತು!” ಎಂದು ಬಂದೂಕಿನಿಂದ ಗುಂಡು ಹಾರಿಸಿದ ಹಾಗೆ ಕೂಗುತ್ತಿದ್ದ. ಒಂದು ಸಲವೂ ತಪ್ಪಿರಲಿಲ್ಲ. ಕೂಗು ನಿಂತಿತೆಂದರೆ ಚಿತ್ರ ಚೆನ್ನಾಗಿದೆ ಎಂದು ಅರ್ಥ, ಅದು ತಂದೆ ಮಗನ ಒಪ್ಪಂದ.

ಇವತ್ತು ಒಂಬತ್ತೂ ಹತ್ತಕ್ಕೆ ಕೂಗು ನಿಂತಿತ್ತು. ಚಿತ್ರ ಬಂಗಾರದಂತೆ ಬರುತ್ತಿದೆ ಎಂದುಕೊಂಡು ಅವನು ತಾರಸಿಯ ಮೇಲೆ ನಿಂತು ಪಕ್ಕದ ಮನೆಯವನಿಗೆ ಆಂಟೆನಾದ ಬಗ್ಗೆ ಕೊಚ್ಚಿಕೊಂಡ. ಕೊಚ್ಚಿಕೊಳ್ಳುತ್ತ ತೋರಿಸಲೆಂದು ಕೊಳವೆಯನ್ನು ಎರಡು ಸಲ ಹಾಗೆ ಹೀಗೆ ತಿರುಗಿಸಿದ್ದ ಕೂಡ. ಇಳಿದು ಬಂದಾಗ ಒಂಬತ್ತೂ ಮುಕ್ಕಾಲು. ಕುರ್ಚಿ ಖಾಲಿ, ಬಾಗಿಲು ಹಾರು ಹೊಡೆದಿತ್ತು.

“ಪೊಲೀಸ್ನೋರು ಏನಂದ್ರು?” ಹೆಂಡತಿ ಕೇಳಿದಳು.

“ಎಲ್ರೂ ಓಟದ ದಾರೀಲೇ ಇದ್ದಾರಂತೆ. ಅಲ್ಲಿ ಇಪ್ಪತ್ತು ಸಾವಿರ ಜನ. ಎಲ್ಲಿ ಅಂತ ಹೇಳಿದ್ರೆ ಹುಡುಕ್ತೀವಿ ಅಂದ್ರು.”

“ಹಾಗಾದ್ರೆ ಹೇಳ್ರೀ! ನಿಮ್ಮನ್ನ ತಪ್ಪಿಸಿಕೊಂಡು ಒಂದು ಚಿತ್ರ ಹೋಗಲ್ವಲ್ಲ!”

ಡಿಸ್ಕು ತುಂಬಿದ್ದರೂ ಪೆಟ್ಟಿಗೆ ತನ್ನಷ್ಟಕ್ಕೆ ಒಂದು ಗಂಟೆಯ ನೇರಪ್ರಸಾರವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಹಿಂದಕ್ಕೆ ಓಡಿಸಿ ನೋಡಬಹುದು. ಚಾನೆಲ್ ಬದಲಿಸಿದರೆ ಅಷ್ಟೂ ಅಳಿಸಿಹೋಗುತ್ತದೆ; ಬದಲಿಸದಿದ್ದರೂ ಹೊಸ ನಿಮಿಷ ಒಂದು ಒಳಗೆ ಬಂದರೆ ಹಳೆಯ ನಿಮಿಷ ಒಂದು ಉದುರುತ್ತದೆ. ಜಗತ್ತಿನ ಎಲ್ಲ ಬೀಗಗಳನ್ನು ತೆರೆದ ಕೈ ಹಿಂದಕ್ಕೆ ಓಡಿಸುವ ಗುಂಡಿಯನ್ನು ತಡವಿ ತಡವಿ ಹುಡುಕಿ ಒತ್ತಿತು.

ಚಿತ್ರ ಒಂಬತ್ತೂ ಹತ್ತಕ್ಕೆ ಹೋಗಿ ನಿಂತು ಮುಂದಕ್ಕೆ ಓಡತೊಡಗಿತು. ಮೂವರೂ ನೆಲದ ಮೇಲೆ ಕೂತು, ಗಾಜಿಗೆ ಮೂಗು ತಾಗಿಸಿದರು. ಸಾವಿರಾರು ಕಾಲುಗಳು, ಎದೆಯ ಮೇಲೆ ನಂಬರುಗಳು, ನೀರಿನ ಬಾಟಲಿಗಳು.

“ಅಲ್ಲಿ! ಪಟ್ಟೆ ಪಟ್ಟೆ!”

“ಅದು ಬ್ಯಾನರ್ ಟೈಲರಮ್ಮ.”

“ಇದು?”

“ಅದು ಹೆಂಗಸು.”

“ನನ್ನ ಕಣ್ಣು ಹಾಳಾಗ. ದಿನಾ ದಾರ ಪೋಣಿಸೋಳಿಗೆ ಇದು ಕಾಣಲ್ಲ ನೋಡು.”

ಒಂಬತ್ತೂ ಮೂವತ್ತನಾಲ್ಕು. “ನಿಲ್ಸಿ,” ಎಂದಳು ಹೆಂಡತಿ. ಕೂಗಲಿಲ್ಲ.

ಓಡುವವರ ನಡುವೆ ಮುದುಕ ನಡೆಯುತ್ತಿದ್ದ. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಯಾರೋ ಅವನ ಕೊರಳಿಗೆ ಬಾವುಟ ಸುತ್ತಿದ್ದರು, ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಅವನು ಯಾರನ್ನೂ ನೋಡುತ್ತಿರಲಿಲ್ಲ. ತಲೆ ಮೇಲೆತ್ತಿಕೊಂಡು ನಡೆಯುತ್ತಿದ್ದ. ಹಿಂದೆ ಸೇತುವೆಯ ಕಬ್ಬಿಣದ ಕಟಕಟೆ. ಅವನು ರಸ್ತೆಯ ಅಂಚಿಗೆ ಸರಿದ, ನಿಂತ, ತಿರುಗಿದ—

ಚಿತ್ರ ಚೂರುಚೂರಾಯಿತು. ಬಣ್ಣದ ಚೌಕಗಳು ಒಂದರ ಮೇಲೊಂದು ಬಿದ್ದವು. ಅವು ಮತ್ತೆ ಕೂಡಿಕೊಂಡಾಗ ಸೇತುವೆ ಇತ್ತು, ಓಡುವವರು ಇದ್ದರು, ಅಪ್ಪ ಇರಲಿಲ್ಲ.

“ಏನಾಯ್ತು? ಏನಾಯ್ತ್ರೀ ಇದಕ್ಕೆ?”

“ಆಂಟೆನಾ,” ಎಂದ ಬೀಗದವನು. “ನಾನೇ. ಆಗ ಮೇಲೆ ನಿಂತು ತಿರುಗಿಸ್ತಾ ಇದ್ದೆ.”

ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವನ ಕೈಯಿಂದ ರಿಮೋಟ್ ಕಿತ್ತುಕೊಂಡು ಚಿತ್ರವನ್ನು ಹಿಂದಕ್ಕೆ ಎಳೆದಳು, ಮುಂದಕ್ಕೆ ಬಿಟ್ಟಳು, ಮತ್ತೆ ಎಳೆದಳು. ಮುದುಕ ಆರು ಸಲ ನಡೆದು ಬಂದು ಆರು ಸಲ ಚೂರಾದ.

“ಮಾವ ಏನೋ ಕೂಗ್ತಿದಾರೆ. ಬಾಯಿ ನೋಡಿ.”

“ಹಾಡು ಹೇಳ್ತಿರಬೇಕು ಪಾಪ,” ಎಂದಳು ಟೈಲರಮ್ಮ.

ಬಾಯಿ ಮುಚ್ಚುತ್ತಿತ್ತು, ತೆರೆಯುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಪ್ರತಿ ಕಟ್ಟಡದ ನೆತ್ತಿಯ ಕಡೆಗೂ ಒಮ್ಮೆ ಕತ್ತೆತ್ತಿ ಅದೇ ಒಂದು ಮಾತು. ಬೀಗದವನು ಆ ಬಾಯಿಯ ಜೊತೆ ತನ್ನ ಬಾಯಿಯನ್ನೂ ಆಡಿಸಿ ನೋಡಿದ.

“ಬಂತು ಅಂತಿದಾನೆ ಕಣೇ. ಮೇಲಿಂದ ನಾನು ಉತ್ತರ ಕೊಡಲಿಲ್ಲ. ನನಗೆ ಹೇಳೋಕೇ ಹೊರಗೆ ಬಂದಿದಾನೆ. ಯಾವ ಮನೆ ತಾರಸಿ ಅಂತ ಗೊತ್ತಾಗ್ತಿಲ್ಲ ಅವನಿಗೆ.”

ಹೆಂಡತಿ ಕೊನೆಯ ಚಿತ್ರದ ಮೇಲೆ ಬೆರಳಿಟ್ಟಳು. ತಿರುಗಿದ ಮುದುಕನ ಮುಖ ಎಡಕ್ಕಿತ್ತು. “ಸೇತುವೆಯ ಎಡಕ್ಕೆ ಮೇಲೆ ಆಂಟೆನಾ ಇರೋ ಕಟ್ಟಡ ಯಾವುದು?”

“ಟೆಲಿಫೋನ್ ಆಫೀಸು. ನೆತ್ತಿ ಮೇಲೆ ಟವರ್ ಇದೆ,” ಎನ್ನುವಷ್ಟರಲ್ಲಿ ಅವನು ಬಾಗಿಲಲ್ಲಿದ್ದ. ಅವಳು ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಹಿಂದೆ ಓಡಿದಳು. “ಪೊಲೀಸಿಗೆ ನಾನು ಹೇಳ್ತೀನಿ, ಆಂಬುಲೆನ್ಸಿಗೂ ಹೇಳ್ತೀನಿ, ಓಡಿ!” ಎಂದು ಟೈಲರಮ್ಮ ಕೂಗಿದಳು.

ಅವತ್ತಿನ ಮ್ಯಾರಥಾನ್ ಗೆದ್ದವನು ಯಾರೋ, ಅವನ ಫೋಟೋ ಎಲ್ಲ ಪೇಪರಿನಲ್ಲೂ ಬಂತು. ಆದರೆ ಬೀಗದವನೂ ಅವನ ಹೆಂಡತಿಯೂ ಆ ದಾರಿಯನ್ನು ಓಡಿದ ವೇಗಕ್ಕೆ ಆ ಗೆದ್ದವನು ಪದಕ ಬಿಚ್ಚಿ ಕೊಡಬೇಕಿತ್ತು. ಬ್ಯಾರಿಕೇಡು ಹಾರಿದರು. ವಾಲಂಟಿಯರ್ ಒಬ್ಬ “ನಂಬರ್ ಎಲ್ಲಿ?” ಎಂದು ಅಡ್ಡ ಬಂದು, ಇವರ ಮುಖ ನೋಡಿ ದಾರಿಬಿಟ್ಟ.

ಟೆಲಿಫೋನ್ ಆಫೀಸಿನ ಹಿಂದೆ ಗೋಡೆಗೆ ಅಂಟಿದ ಕಬ್ಬಿಣದ ಮೆಟ್ಟಿಲು. ಭಾನುವಾರ, ಯಾರೂ ಇಲ್ಲ. ಎರಡನೆಯ ತಿರುವಿನಲ್ಲಿ ಬಾವುಟದ ತುದಿ ನೇತಾಡುತ್ತಿತ್ತು.

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅಂಗಿ ಬೆವರಿಗೆ ತೊಪ್ಪೆಯಾಗಿತ್ತು. ಕಣ್ಣು ಅರ್ಧ ತೆರೆದಿತ್ತು, ಯಾವುದನ್ನೂ ನೋಡುತ್ತಿರಲಿಲ್ಲ.

“ಅಪ್ಪಾ. ಅಪ್ಪಾ, ಚಿತ್ರ ಬಂತಪ್ಪಾ. ಚೆನ್ನಾಗಿ ಬಂತು.”

ಹೆಂಡತಿ ಗಂಡನನ್ನು ಪಕ್ಕಕ್ಕೆ ತಳ್ಳಿದಳು. ಮಾವನನ್ನು ಒಂದು ಮಗ್ಗುಲಿಗೆ ಒರಗಿಸಿ, ಬೆರಳು ಒದ್ದೆ ಮಾಡಿ ಸಕ್ಕರೆಯಲ್ಲಿ ಅದ್ದಿ, ಕೆನ್ನೆಯ ಒಳಗೆ ಒಸಡಿಗೆ ಉಜ್ಜಿದಳು. ಮತ್ತೆ ಅದ್ದಿದಳು, ಮತ್ತೆ ಉಜ್ಜಿದಳು. ಬೀಗದವನು ಅಪ್ಪನ ಬರಿಗಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತ. ಅಂಗಾಲಿನಲ್ಲಿ ಡಾಂಬರು ಮೆತ್ತಿತ್ತು. ಕಾಲು ತಣ್ಣಗಿತ್ತು. ದೂರದಲ್ಲಿ ಆಂಬುಲೆನ್ಸು ಓಡುವವರ ಗುಂಪಿಗೆ ಸಿಕ್ಕಿ, ಅಲ್ಲೇ ನಿಂತು ಕೂಗುತ್ತಿತ್ತು.

“ಏನಾದ್ರೂ ಗೊತ್ತಾಗ್ತಿದ್ಯಾ?”

“ಸುಮ್ನಿರಿ.”

ಡಬ್ಬಿಯ ಸಕ್ಕರೆ ಮೆಟ್ಟಿಲ ತುಂಬ ಚೆಲ್ಲಿತ್ತು. ಅವಳು ಐದನೆಯ ಸಲ ಅದ್ದಿದಳೋ ಆರನೆಯ ಸಲವೋ, ಇದ್ದಕ್ಕಿದ್ದಂತೆ ಅವಳ ಭುಜ ನೆಟ್ಟಗಾಯಿತು.

“ಕಚ್ಚಿದ್ರು,” ಎಂದಳು. “ಕಚ್ಚಿದ್ರು ಕಣ್ರೀ.”

ಅವಳು ಬೆರಳು ತೆಗೆಯಲಿಲ್ಲ.