ಕಣ್ಣ ಕೆಳಗಿನ ಕಪ್ಪು

ಆ ಸುದ್ದಿವಾಹಿನಿಯ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಬಣ್ಣದಕ್ಕ. ಬೆಳಗಿನ ವಾರ್ತೆ ಓದುವವರು ಹಾಸಿಗೆಯಿಂದ ಎದ್ದ ಮುಖದಲ್ಲೇ ಬಂದು ಅವಳ ಕುರ್ಚಿಯಲ್ಲಿ ಕುಸಿಯುತ್ತಿದ್ದರು. ಎದ್ದು ಹೋಗುವಾಗ ಕಣ್ತುಂಬ ನಿದ್ದೆ ಮಾಡಿ ಬಂದವರಂತೆ ಕಾಣುತ್ತಿದ್ದರು. ಮುಖಕ್ಕೆ ಏನೋ ಬಳಿದಿದೆ ಎಂಬ ಅನುಮಾನವೂ ನೋಡುವವರಿಗೆ ಬರುತ್ತಿರಲಿಲ್ಲ.

ಕಪ್ಪನ್ನು ಬಿಳಿಯಿಂದ ಮುಚ್ಚಲು ಹೋದರೆ ಬೂದಿ ಮೆತ್ತಿದಂತಾಗುತ್ತದೆ. ಅವಳು ಹಾಗೆ ಮಾಡುತ್ತಿರಲಿಲ್ಲ. ಮೊದಲು ಕಣ್ಣ ಕೆಳಗೆ ತೆಳುವಾಗಿ ಕ್ರೀಮ್ ಹಚ್ಚಿ, ಅದು ಚರ್ಮಕ್ಕೆ ಇಳಿಯುವವರೆಗೆ ತಲೆ ಬಾಚುತ್ತಿದ್ದಳು. ಆಮೇಲೆ ಕಪ್ಪಿದ್ದಷ್ಟೇ ಜಾಗಕ್ಕೆ ಕಿತ್ತಳೆ ಛಾಯೆಯ ಬಣ್ಣ. ಅದರ ಮೇಲೆ ಅವರವರ ಮೈಬಣ್ಣದ್ದೇ ಕಲೆ ಮುಚ್ಚುವ ಕನ್ಸೀಲರ್, ಉಂಗುರ ಬೆರಳಿನಿಂದ ತಟ್ಟಿ ತಟ್ಟಿ, ಎಲ್ಲೂ ಉಜ್ಜದೆ. ಸ್ವಲ್ಪ ಹೊತ್ತು ಬಿಟ್ಟು, ಗೆರೆಗಳಲ್ಲಿ ಕೂತ ಹೆಚ್ಚಿನದನ್ನು ಟಿಶ್ಯೂವಿನಿಂದ ಎತ್ತಿ, ಕೊನೆಗೆ ಚಿಟಿಕೆ ಪೌಡರ್ ಒತ್ತುತ್ತಿದ್ದಳು. ಬಿಸಿ ದೀಪಗಳ ಕೆಳಗೆ ಬೆವರಿದರೂ, ಕಣ್ಣಲ್ಲಿ ನೀರು ಬಂದರೂ ಅದು ಸಂಜೆಯವರೆಗೆ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ.

ಬೇರೆಯವರಿಗೆ ಮಾಡುವ ಮೊದಲು ಅವಳು ತನಗೆ ಮಾಡಿಕೊಳ್ಳಬೇಕಿತ್ತು. ಕಚೇರಿಯ ಮ್ಯಾನೇಜರ್ ಒಮ್ಮೆ ಅವಳನ್ನು ಒಳಗೆ ಕರೆದು, ಬಣ್ಣ ಹಚ್ಚುವವಳ ಕಣ್ಣೇ ಹೀಗೆ ಗುಳಿ ಬಿದ್ದಿದ್ದರೆ ಅವಳ ಕೈಗೆ ಮುಖ ಕೊಡುವವರು ಯಾರು ಎಂದು ನಯವಾಗಿಯೇ ಕೇಳಿದ್ದ. ಅಂದಿನಿಂದ ಬರಿಮುಖದಲ್ಲಿ ಅವಳು ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ.

ಕಪ್ಪು ಬಂದದ್ದು ಅಮ್ಮನಿಂದ. ಅಮ್ಮನಿಗೆ ಮರೆವು ಹತ್ತಿ ಕೆಲವು ವರ್ಷಗಳಾಗಿದ್ದವು. ಹಗಲಿಡೀ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮುದುಕಿ ಕತ್ತಲಾದ ಮೇಲೆ ಎಚ್ಚರಾಗುತ್ತಿದ್ದಳು. ಸತ್ತುಹೋದ ತಂಗಿಯನ್ನು ಕರೆಯುವಳು, ಬೀರುವಿನ ಬಟ್ಟೆಯನ್ನೆಲ್ಲ ಎಳೆದು ಹಾಕುವಳು, ಗ್ಯಾಸ್ ತಿರುಗಿಸುವಳು, ಬಾಗಿಲು ತೆಗೆದು ಮೆಟ್ಟಿಲಿಳಿಯುವಳು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ರಾತ್ರಿಗೆ ಮಗಳು ಮಾತ್ರ. ಅವಳಿಗೆ ಮದುವೆಯಾಗಿರಲಿಲ್ಲ. ಅಪ್ಪ ಸತ್ತ ಮೇಲೆ ಯಾರೂ ಕೂತು ಪಾಲು ಮಾಡಲಿಲ್ಲ. ಆದರೂ ಅಪ್ಪನ ಮನೆ ಅಣ್ಣನ ಪಾಲಿಗೆ, ಅಮ್ಮ ಅವಳ ಪಾಲಿಗೆ, ಅವಳ ಬಾಡಿಗೆ ಮನೆಗೆ ಎಂದು ತಾನಾಗಿಯೇ ಆಗಿಹೋಗಿತ್ತು.

ಅಣ್ಣ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದ, ವಿಮಾ ಕಂಪನಿಯಲ್ಲಿ ಅಧಿಕಾರಿ. ತಿಂಗಳಲ್ಲಿ ಒಂದು ವಾರ ಅಮ್ಮನನ್ನು ಇಟ್ಟುಕೊ ಎಂದು ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ ನೋಡೋಣ ಎನ್ನುತ್ತಿದ್ದ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯೊಂದಿಗೆ ಬಂದ. ಅವಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಅಮ್ಮ ಕಿಟಕಿಯ ಪಕ್ಕ ಗೊರಕೆ ಹೊಡೆಯುತ್ತಿದ್ದಳು.

ಅವಳು ಎಲ್ಲವನ್ನೂ ಹೇಳಿದಳು. ರಾತ್ರಿಗಳ ಬಗ್ಗೆ, ಬಸ್ಸಿನಲ್ಲಿ ನಿದ್ದೆ ಬಂದು ತನ್ನ ಸ್ಟಾಪ್ ದಾಟಿ ಹೋದ ಬಗ್ಗೆ. ಅಣ್ಣ ತಲೆಯಾಡಿಸುತ್ತ ಕೇಳಿದ. ಅತ್ತಿಗೆ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದವಳು, ಕಾಫಿ ಲೋಟ ಕೆಳಗಿಟ್ಟು ಹೇಳಿದಳು:

"ಬೇಜಾರು ಮಾಡ್ಕೋಬೇಡ. ಆದ್ರೆ ನಿನ್ನ ನೋಡಿದ್ರೆ ನಿದ್ದೆಗೆಟ್ಟೋಳು ಅಂತ ಯಾರೂ ಹೇಳಲ್ಲ. ನಮ್ಮೆಲ್ಲರಿಗಿಂತ ನೀನೇ ಲಕ್ಷಣವಾಗಿದ್ದೀಯ."

ಅವಳು ಎದ್ದು ಬಚ್ಚಲಿಗೆ ಹೋದಳು. ಸೋಪು ಹಾಕಿ ತೊಳೆದರೆ ಹೋಗುವ ಬಣ್ಣವಲ್ಲ ಅದು. ಹತ್ತಿಗೆ ಎಣ್ಣೆ ಹಚ್ಚಿಕೊಂಡು ಒರೆಸಿದಳು, ಮತ್ತೆ ಒರೆಸಿದಳು. ಕನ್ನಡಿಯಲ್ಲಿ ಗುಳಿ ಬಿದ್ದ ಕಪ್ಪು ಕಣ್ಣುಗಳ ಮುಖ ಕಂಡಿತು. ಆ ಮುಖವನ್ನೇ ಹೊತ್ತುಕೊಂಡು ಹೊರಗೆ ಬಂದು ಬೆಳಕಿಗೆ ನಿಂತಳು.

ಅಣ್ಣ ಬೆಚ್ಚಿದ್ದು ನಿಜ. ಅವನ ಬಾಯಿ ಏನೋ ಹೇಳಲು ತೆರೆದಿತ್ತು. ಅಷ್ಟರಲ್ಲಿ ಅತ್ತಿಗೆ ಸಣ್ಣದಾಗಿ ನಕ್ಕಳು.

"ಎಷ್ಟು ಚೆನ್ನಾಗಿ ಬರೆದಿದ್ದೀಯಮ್ಮ. ನಿಮ್ಮ ಚಾನೆಲ್ಲಿನ ಆ ಅಪರಾಧದ ಕಾರ್ಯಕ್ರಮದಲ್ಲಿ ಹೊಡೆಸಿಕೊಂಡೋರ ಕಣ್ಣು ಬರೆಯೋದು ನಾನೇ ಅಂತ ನೀನೇ ಹೇಳಿದ್ದೆ."

"ಬರೆದಿದ್ದಲ್ಲ ಅತ್ತಿಗೆ. ಬೇಕಾದ್ರೆ ನೀವೇ ಒರೆಸಿ ನೋಡಿ."

"ಒರೆಸಿದ್ರೆ ಹೋಗೋ ಬಣ್ಣ ನೀನೆಲ್ಲಿ ಹಚ್ತೀಯ?"

ಅಣ್ಣನ ಮುಖ ಸಡಿಲವಾಯಿತು. ನಂಬಲು ಏನಾದರೊಂದು ಸಿಕ್ಕಿದರೆ ಸಾಕೆಂದು ಕಾದಿದ್ದವನ ಹಾಗೆ ಅವನೂ ನಕ್ಕ. ನಾಟಕ ಮಾಡಿ ಕೇಳುವ ಅಗತ್ಯ ಇರಲಿಲ್ಲ, ನೇರವಾಗಿ ಕೇಳಿದ್ದರೆ ಯೋಚಿಸುತ್ತಿದ್ದೆ ಎಂದ. ಹೊರಡುವಾಗ ಅಮ್ಮನ ಕಾಲು ಮುಟ್ಟಿದ. ಅಮ್ಮ ಎಚ್ಚರಾಗಲಿಲ್ಲ.

ಅವಳು ಬಾಗಿಲು ಹಾಕಿ ಅಳಲಿಲ್ಲ. ಅಳುವಷ್ಟು ತ್ರಾಣವೂ ಇರಲಿಲ್ಲ. ಒಂದು ವಿಚಾರ ಮಾತ್ರ ಬಿಡದೆ ಕಾಡಿತು: ತನ್ನ ಕೈಚಳಕವೇ ತನ್ನ ವಿರುದ್ಧ ಸಾಕ್ಷಿ ಹೇಳಿತ್ತು.

ಸ್ವಲ್ಪ ದಿನ ಕಳೆದು, ಬೆಳಗಿನ ವಾರ್ತೆ ಓದುವ ಹುಡುಗಿಯ ರೆಪ್ಪೆ ತಿದ್ದುತ್ತಿದ್ದಾಗ ಬ್ರಷ್ ಕೈಯಿಂದ ಜಾರಿತು. ಅದರ ಹಿಂದೆಯೇ ಅವಳೂ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ದೊಡ್ಡ ಕಾಯಿಲೆ ಏನೂ ಇಲ್ಲ, ನಿದ್ದೆ ಇಲ್ಲ ಅಷ್ಟೆ, ಒಂದೆರಡು ವಾರ ಮಲಗಲಿ ಎಂದರು. ವಾರ್ತೆಯ ಹುಡುಗಿಯೇ ಅಣ್ಣನಿಗೆ ಫೋನು ಮಾಡಿದಳು. ಟೀವಿಯಲ್ಲಿ ಕೇಳುವ ಧ್ವನಿ ಕಿವಿಯಲ್ಲಿ ಕೇಳಿದ್ದರಿಂದಲೋ ಏನೋ, ಅವನು ಇಲ್ಲ ಎನ್ನಲಿಲ್ಲ. ಅಂದೇ ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋದ.

ಅವಳು ಮನೆಗೆ ಬಂದು ಬಿದ್ದುಕೊಂಡಳು. ಊಟಕ್ಕೆ ಏಳುವುದು, ಮತ್ತೆ ಮಲಗುವುದು. ನಿದ್ದೆಯಲ್ಲೂ ಒಂದು ಕಿವಿ ಬಾಗಿಲ ಚಿಲಕದ ಮೇಲೇ ಇರುತ್ತಿತ್ತು.

ಆ ವಾರ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅಣ್ಣ ಒಬ್ಬನೇ ಬಂದ. ಅವನನ್ನು ಕಂಡು ಅವಳು ಬಾಗಿಲಲ್ಲೇ ನಿಂತಳು. ಕಣ್ಣ ಕೆಳಗೆ ಯಾರೋ ಗುದ್ದಿದಂತೆ ಕಪ್ಪು. ಕೆನ್ನೆ ಇಳಿದಿತ್ತು. ಬಡ್ತಿ ಸಿಕ್ಕಿದೆ, ಇವತ್ತು ಕಂಪನಿಯ ಪತ್ರಿಕೆಗೆ ಫೋಟೊ ತೆಗೆಯುತ್ತಾರೆ, ಈ ಮುಖದಲ್ಲಿ ಹೋದರೆ ಮರ್ಯಾದೆ ಇರುವುದಿಲ್ಲ ಎಂದು ಅವಳ ಕಣ್ಣು ತಪ್ಪಿಸಿ ಹೇಳಿದ.

ಅವಳು ಅವನನ್ನು ಕಿಟಕಿಯ ಪಕ್ಕ ಕೂರಿಸಿ ಡಬ್ಬಿ ತಂದಳು. ಕ್ರೀಮ್ ಹಚ್ಚಿ ಕಾದಳು, ಕಿತ್ತಳೆ ಬಣ್ಣ ಇಟ್ಟಳು. ಅವಳ ಬೆರಳು ಅವನ ಕಣ್ಣ ಕೆಳಗೆ ತಟ್ಟುತ್ತಿದ್ದಾಗ ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ:

"ಅಮ್ಮ ದಿನಾ ರಾತ್ರಿ ಹೀಗೇನಾ?"

"ಹೂಂ."

"ಒಂದು ಮಾತು ಹೇಳಬಾರದಿತ್ತಾ ನನಗೆ?"

"ಹೇಳಿದ್ದೆ."

ಅವಳು ಇನ್ನೊಂದು ಕಣ್ಣಿಗೆ ಬಂದಳು. ಇಷ್ಟಾದ ಮೇಲಾದರೂ ಅಣ್ಣ ಸರದಿಗೆ ಒಪ್ಪುತ್ತಾನೆ ಎಂಬ ಆಸೆ ಅವಳಿಗೆ ಹುಟ್ಟಿತ್ತು, ಹಾಗಾಗಿ ಕೈ ಹಗುರವಾಗಿತ್ತು. ಪೌಡರ್ ಒತ್ತಿ ಮುಗಿಸುವಾಗ ಅವನು ಮೆಲ್ಲಗೆ ಹೇಳಿದ. ಊರಾಚೆ ಒಂದು ವೃದ್ಧಾಶ್ರಮವಿದೆ, ಚೊಕ್ಕಟವಾಗಿದೆ, ಮಾತಾಡಿ ಆಗಿದೆ, ನಾಳೆಯೇ ಬಿಟ್ಟು ಬರುವುದು.

ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದಳು. ಇನ್ನು ಮೇಲೆ ತಾನೇ ನೋಡಿಕೊಳ್ಳುತ್ತೇನೆ, ವಾಪಸ್ ಕರೆತಾ ಎಂದೂ ಕೇಳಿಕೊಂಡಳು.

"ನೀನು ಬಿದ್ದಿದ್ದು ಮರ್ತುಹೋಯ್ತಾ? ನಿನ್ನ ಕೈಲೂ ಆಗಲ್ಲ, ನಮ್ಮ ಕೈಲೂ ಆಗಲ್ಲ. ಮುಗೀತಲ್ಲ."

ಅವನು ಎದ್ದು ಕನ್ನಡಿ ನೋಡಿಕೊಂಡ. ತೃಪ್ತಿಯಾಯಿತು. ವರ್ಷಗಟ್ಟಲೆ ಅವಳ ಬಾಯಿಗೆ ಬಾರದ, ಆಗಲ್ಲ ಎಂಬ ಮಾತನ್ನು ಅವನು ವಾರ ತುಂಬುವುದರೊಳಗೆ ಆಡಿ ಮುಗಿಸಿದ್ದ. ಅವಳ ಎದೆಯ ಮೂಲೆಯಲ್ಲಿ ಎಲ್ಲೋ ಹಗುರವೂ ಆಯಿತು. ಅದಕ್ಕಾಗಿ ಅವಳು ತನ್ನನ್ನೇ ಹಳಿದುಕೊಂಡಳು.

ಫೋಟೊ ಚೆನ್ನಾಗಿ ಬಂತು. ಅತ್ತಿಗೆ ಅದನ್ನು ಬಂಧುಬಳಗಕ್ಕೆಲ್ಲ ಕಳಿಸಿದಳು. ಮರೆವು ಹತ್ತಿದ ತಾಯಿಯನ್ನು ನೋಡಿಕೊಂಡೂ ಎಷ್ಟು ಗೆಲುವಾಗಿದ್ದಾನೆ ಎಂದು ಎಲ್ಲರೂ ಮೆಚ್ಚಿದರು. ವೃದ್ಧಾಶ್ರಮದ ಸುದ್ದಿ ಹರಡಿದಾಗ ಮಾತ್ರ ಅಪ್ಪನ ಕಡೆಯ ಚಿಕ್ಕಮ್ಮ ಫೋನು ಮಾಡಿದ್ದು ಅವಳಿಗೆ. ಮಗ ತನ್ನ ಕೈಲಾದ್ದು ಮಾಡಿದನಂತೆ, ಸಂಸಾರವಿಲ್ಲದ ಮಗಳು ಮನೆಯಲ್ಲಿದ್ದೂ ಹೆತ್ತವಳಿಗೆ ಈ ಗತಿಯೇ ಎಂದಳು. ಅವಳು ಫೋನನ್ನು ಕಿವಿಯಿಂದ ತೆಗೆಯದೆ ಎಲ್ಲವನ್ನೂ ಕೇಳಿಸಿಕೊಂಡಳು.

ರಜೆಯ ದಿನ ಅಮ್ಮನನ್ನು ನೋಡಲು ಹೋದಳು. ಉದ್ದನೆಯ ಕೋಣೆ, ಸಾಲಾಗಿ ಮಂಚ, ಫಿನಾಯಿಲ್ ವಾಸನೆ. ಅಮ್ಮ ಹಗಲಲ್ಲೂ ಕತ್ತು ವಾಲಿಸಿಕೊಂಡು ಮಲಗಿದ್ದಳು, ತುಟಿಯ ಅಂಚಿನಲ್ಲಿ ಜೊಲ್ಲು. ರಾತ್ರಿ ನಿದ್ದೆ ಮಾತ್ರೆ ಕೊಡುತ್ತೇವೆ, ಈಗ ಯಾರಿಗೂ ತೊಂದರೆ ಇಲ್ಲ ಎಂದು ನರ್ಸು ಸಮಾಧಾನ ಹೇಳಿದಳು.

ಅವಳು ಸೆರಗಿನಿಂದ ಅಮ್ಮನ ಬಾಯಿ ಒರೆಸಿ ಪಕ್ಕದಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಮುದುಕಿ ಕಣ್ಣು ಬಿಟ್ಟು, ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದಳು.

"ನೀವು ಹೊರಡಿ ತಾಯಿ, ಹೊತ್ತಾಯ್ತು. ನನ್ನ ಮಗಳು ಕೆಲಸಕ್ಕೆ ಹೋಗಿದ್ದಾಳೆ, ಇನ್ನೇನು ಬಂದ್ಬಿಡ್ತಾಳೆ."

ಆಗಲಿ ಎಂದು ಅವಳು ಎದ್ದಳು. ಹೊರಗೆ ಹೋಗಿ, ಜಗಲಿಯ ಬೆಂಚಿನ ಮೇಲೆ ಕೂತು, ಗೇಟು ಹಾಕುವ ಹೊತ್ತಿನವರೆಗೂ ಅಲ್ಲೇ ಇದ್ದಳು.