ಹಾಲುಪರದೆಯ ಮೇಲಿನ ಹಸಿರು

ಗೈಡಮ್ಮ ದಿನಕ್ಕೆ ಆರು ಸಲ ಜನರನ್ನು ಗುಹೆಯೊಳಗೆ ಕರೆದೊಯ್ಯುತ್ತಿದ್ದಳು. ನೂರ ಹನ್ನೆರಡು ಮೆಟ್ಟಿಲು ಇಳಿಸಿ, ಇದು ಆನೆಯ ಕಿವಿ, ಇದು ನಮ್ಮತ್ತೆಯ ಹಲ್ಲು ಎಂದು ನಗಿಸುತ್ತ ಕೊನೆಗೆ ಹಾಲುಪರದೆಯ ಮುಂದೆ ತಂದು ನಿಲ್ಲಿಸುತ್ತಿದ್ದಳು. ಎರಡಾಳೆತ್ತರದ ಬಿಳಿಕಲ್ಲು, ಮಡಿಕೆ ಮಡಿಕೆಯಾಗಿ ಚಾವಣಿಯಿಂದ ಇಳಿಬಿದ್ದಿತ್ತು. ಸಾವಿರಾರು ವರ್ಷ ನೀರು ಹನಿಹನಿಯಾಗಿ ತೊಟ್ಟಿಕ್ಕಿ ಕಟ್ಟಿದ ಪರದೆ ಅದು.

“ಈಗ ಎಲ್ಲರೂ ಬಾಯಿ ಮುಚ್ಚಿ, ಕಣ್ಣು ಬಿಡಿ” ಎಂದು ಅವಳು ಸ್ವಿಚ್ ಒತ್ತಿದರೆ ಮೂರು ದೊಡ್ಡ ದೀಪಗಳು ಒಟ್ಟಿಗೇ ಹೊತ್ತಿಕೊಳ್ಳುತ್ತಿದ್ದವು. ಅಬ್ಬಾ ಎನ್ನದವರೇ ಇರಲಿಲ್ಲ.

ಆ ಮೂರು ದೀಪಗಳನ್ನಷ್ಟೇ ಅಲ್ಲ, ಗುಹೆಯ ಎಂಬತ್ತನಾಲ್ಕು ದೀಪಗಳನ್ನೂ ಕೂರಿಸಿದವನು ಅವಳ ಮೈದುನ. ಸಂರಕ್ಷಿತ ಜಾಗ, ಬಂಡೆಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಅವನು ಮೂರು ವರ್ಷ ಮಂಡಿಯೂರಿ, ಹೊಟ್ಟೆ ಎಳೆದುಕೊಂಡು ತೆವಳಿ, ಸಂದುಗೊಂದುಗಳಲ್ಲೇ ವೈರು ಎಳೆದಿದ್ದ. ಆಮೇಲಿನ ಹದಿನೇಳು ವರ್ಷ ಅವುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದ. ಮಾತು ಕಮ್ಮಿ. ಮನೆಯಲ್ಲೂ ಊಟಕ್ಕೆ ಕೂತರೆ, “ಅತ್ತಿಗೆ, ಸಾಕು” ಎನ್ನುವುದೇ ಅವನ ದೊಡ್ಡ ಭಾಷಣ.

ಒಂದು ದಿನ ತಂಡದಲ್ಲಿದ್ದ ಅಜ್ಜಿಯೊಬ್ಬಳು ಪರದೆಯ ಬುಡಕ್ಕೆ ಬೊಟ್ಟುಮಾಡಿ, “ಅಲ್ಲಮ್ಮ, ನಮ್ಮ ನೀರಿನ ತೊಟ್ಟಿ ಥರ ಪಾಚಿ ಹಿಡಿದಿದೆಯಲ್ಲ!” ಎಂದಳು. ಜನ ನಕ್ಕರು. ಗೈಡಮ್ಮ ಬಗ್ಗಿ ನೋಡಿದಳು. ಅಂಗೈಯಗಲ ಹಸಿರು ಕಲೆ. ತಾನು ದಿನಾ ನೋಡಿಯೂ ನೋಡಿರಲಿಲ್ಲ.

ವಾರದೊಳಗೆ ಇಲಾಖೆಯಿಂದ ಗುಹೆಗಳ ಬಗ್ಗೆ ಓದಿಕೊಂಡ ಮೇಡಂ ಒಬ್ಬರು ಬಂದರು. ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತಿದ್ದು ಎದ್ದರು.

“ಪಾಚಿನೇ. ಕತ್ತಲೆಯಲ್ಲಿ ಇದು ಬದುಕಲ್ಲ. ಇಲ್ಲಿ ನೀರಿದೆ, ನಿಮ್ಮ ದೀಪದಿಂದ ಬೆಳಕು ಸಿಕ್ಕಿದೆ, ಬೆಚ್ಚಗೂ ಇದೆ. ಇನ್ನೇನು ಬೇಕು ಅದಕ್ಕೆ?”

“ಒರೆಸಿಬಿಟ್ಟರೆ?” ಎಂದಳು ಗೈಡಮ್ಮ.

“ಮತ್ತೆ ಬರುತ್ತೆ. ಉಜ್ಜಿದರೆ ಕಲ್ಲೇ ಹೋಗುತ್ತೆ. ಬಿಟ್ಟರೆ ಅದೇ ಕಲ್ಲನ್ನು ನಿಧಾನಕ್ಕೆ ತಿನ್ನುತ್ತೆ.”

ಇದನ್ನು ಮೈದುನನಿಗೆ ಹೇಳುವವರು ಯಾರು? ಮೇಡಂ ಹೇಳಿದರೆ ಆಪಾದನೆಯಂತಾಗುತ್ತದೆ, ಮ್ಯಾನೇಜರ್ ಹೇಳಿದರೆ ಬೈಗುಳದಂತಾಗುತ್ತದೆ ಎಂದುಕೊಂಡು ಗೈಡಮ್ಮ ತಾನೇ ಹೋದಳು. ಗುಹೆಯ ಬಾಯಿಯ ಪಕ್ಕದ ಕೋಣೆಯಲ್ಲಿ ಅವನು ಹಳೇ ಹೋಲ್ಡರ್ ಒಂದನ್ನು ಬಿಚ್ಚಿಕೊಂಡು ಕೂತಿದ್ದ. ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು.

“ನೋಡಪ್ಪಾ, ದೀಪದಿಂದಲೇ ಅಂತೆ” ಎಂದಳು ಅಷ್ಟೇ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಎದ್ದು ಒಳಗೆ ಹೋದ. ಅವಳೂ ಹಿಂದೆಯೇ ಇಳಿದಳು. ದೀಪದಿಂದ ಕಲೆಯವರೆಗೆ ಗೇಣು ಹಾಕಿ ಅಳೆದ. ಆಮೇಲೆ ಎಂಬತ್ತನಾಲ್ಕು ದೀಪಗಳ ಹತ್ತಿರವೂ ಹೋಗಿ ಬಗ್ಗಿ ನೋಡಿದ. ಮೂವತ್ತೊಂದು ಕಡೆ ಹಸಿರು ಹತ್ತಿತ್ತು. ಕೊನೆಯದನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತ. ಅವನು ಅತ್ತುಬಿಡುತ್ತಾನೇನೋ ಎಂದು ಅವಳು ಪಕ್ಕದಲ್ಲಿ ಕೂತಳು.

“ಅತ್ತಿಗೆ, ನಾನು ಹಾಕಿದ್ದು. ನಾನೇ ತೆಗೀತೀನಿ.”

ಮ್ಯಾನೇಜರ್ ಒಪ್ಪಬೇಕಲ್ಲ! “ದೀಪ ತೆಗೆದರೆ ಯಾರ್ರೀ ಬರ್ತಾರೆ? ಕತ್ತಲೆ ನೋಡೋಕೆ ಮನೇಲೇ ಕಣ್ಣು ಮುಚ್ಚಿಕೊಂಡರೆ ಸಾಕು.”

“ಸರ್, ಒಂದು ತಂಡ” ಎಂದ ಮೈದುನ. “ಒಂದೇ ಒಂದು ತಂಡ ಕರಕೊಂಡು ಹೋಗೋಕೆ ಬಿಡಿ. ಹದಿನೈದು ದಿನ ಟೈಮ್ ಕೊಡಿ. ನೀವೂ ಬನ್ನಿ.” ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಗೈಡಮ್ಮ ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

ಅಂದಿನಿಂದ ಕೊನೆಯ ತಂಡ ಹೊರಬಿದ್ದ ಮೇಲೆ ಇಬ್ಬರೂ ಒಳಗಿಳಿಯುತ್ತಿದ್ದರು. ಅವನು ಕೈದೀಪ ಹಿಡಿದು ಒಂದೊಂದು ಕಡೆ ನಿಲ್ಲುವುದು, ಅವಳು ಜನ ನಿಲ್ಲುವ ಜಾಗದಲ್ಲಿ ನಿಂತು ನೋಡುವುದು.

“ಹೇಗಿದೆ?”

“ಚೆನ್ನಾಗಿಲ್ಲ.”

“ಈಗ?”

“ಗೋಡೆಗೆ ಸುಣ್ಣ ಬಳಿದ ಹಾಗಿದೆ.”

ಬೇರೆಯವರಾಗಿದ್ದರೆ ದೀಪ ಬಿಸಾಕಿ ಹೋಗುತ್ತಿದ್ದರು. ಅವನು ತಲೆಯಾಡಿಸಿ ಇನ್ನೊಂದು ಕಡೆಗೆ ಹೋಗುತ್ತಿದ್ದ. ಒಂಬತ್ತನೆಯ ದಿನ ದೀಪವನ್ನು ಎದುರಿನಿಂದ ಹಿಡಿಯದೆ, ಪರದೆಯ ಪಕ್ಕದಲ್ಲಿ ನೆಲಕ್ಕೆ ತಾಗುವ ಹಾಗೆ ಹಿಡಿದು ಓರೆ ಮಾಡಿದ. ಗೈಡಮ್ಮನ ಮೈ ಜುಮ್ಮೆಂದಿತು. ಒಂದೊಂದು ಮಡಿಕೆಯೂ ನೆರಳು ಹೊದ್ದು ಎದ್ದು ನಿಂತಿತು. ಮಡಿಕೆಗಳ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕಲ್ಲಿನ ಎಳೆಗಳು, ನೂರಾರು. ಕೆಳಗೆ ಇಳಿಯದೆ ತಮಗೆ ತೋಚಿದ ಕಡೆ ಸೊಟ್ಟಸೊಟ್ಟಗೆ ಬೆಳೆದು ಮಿನುಗುತ್ತಿದ್ದವು.

“ಇದು... ಇದು ಇಲ್ಲೇ ಇತ್ತಾ?”

“ಇಲ್ಲೇ ಇತ್ತು ಅತ್ತಿಗೆ. ನನ್ನ ದೀಪಾನೇ ಮುಚ್ಚಿಬಿಟ್ಟಿತ್ತು.”

ಇಪ್ಪತ್ತು ವರ್ಷದ ದುಡಿಮೆ ತಪ್ಪಾಗಿತ್ತೆಂದು ಹೇಳುವಾಗಲೂ ಅವನ ಮುಖದಲ್ಲಿ ನಗು ಇತ್ತು. ಇಂಥವನಿಗೆ ಒಂದು ತಟ್ಟೆ ಊಟ ಬಡಿಸಿದ್ದು ಬಿಟ್ಟರೆ ತಾನು ಇಷ್ಟು ವರ್ಷ ಇವನನ್ನು ಗಮನಿಸಿಯೇ ಇರಲಿಲ್ಲವಲ್ಲ ಎಂದು ಗೈಡಮ್ಮನಿಗೆ ನಾಚಿಕೆಯಾಯಿತು.

ಗೊತ್ತುಮಾಡಿದ ದಿನ ಹನ್ನೆರಡು ಜನ, ಜೊತೆಗೆ ಮ್ಯಾನೇಜರ್, ತಲೆಗೆ ದೀಪದ ಟೋಪಿ ಹಾಕಿಕೊಂಡು ಇಳಿದರು. ಗೈಡಮ್ಮ ಅತ್ತೆಯ ಹಲ್ಲನ್ನು ಉಳಿಸಿಕೊಂಡು ಮಿಕ್ಕ ನಗೆಮಾತುಗಳನ್ನು ಕೈಬಿಟ್ಟಿದ್ದಳು. ಪರದೆಯ ಮುಂದೆ ಟೋಪಿದೀಪಗಳನ್ನೆಲ್ಲ ಆರಿಸಲು ಹೇಳಿದಳು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ, ಅಂಥ ಕತ್ತಲೆ. ಎಲ್ಲೋ ಒಂದು ಹನಿ ಟಪ್ ಎಂದಿತು. ಇನ್ನೊಂದು, ಸ್ವಲ್ಪ ದೂರದಲ್ಲಿ. ಆಮೇಲೆ ಮೈದುನನ ದೀಪ ನೆಲದ ಮಟ್ಟದಿಂದ ಮೆಲ್ಲಗೆ ಮೇಲೆದ್ದಿತು. ಯಾರೂ ಅಬ್ಬಾ ಎನ್ನಲಿಲ್ಲ. ಯಾರೂ ಉಸಿರನ್ನೇ ಬಿಡಲಿಲ್ಲ.

ಹೊರಗೆ ಬಂದ ಮ್ಯಾನೇಜರ್ ಮಂಡಿ ನೀವಿಕೊಳ್ಳುತ್ತ, “ಮೆಟ್ಟಿಲ ಹತ್ತಿರ ಒಂದಿಷ್ಟು ಸಣ್ಣ ದೀಪ ಇರಲಿ ಮಾರಾಯ, ಜನ ದಾಟಿದ ಮೇಲೆ ಆರೋ ಥರ” ಎಂದರು. ಅದೇ ಒಪ್ಪಿಗೆ.

ಎರಡು ತಿಂಗಳಲ್ಲಿ ಹಳೆಯ ದೀಪಗಳೆಲ್ಲ ಹೊರಬಂದವು, ಮೆಟ್ಟಿಲ ಬದಿಗೆ ಸಣ್ಣ ದೀಪಗಳು ಬಂದವು. ಹಾಕುವಾಗಿನಷ್ಟೇ ಜತನದಿಂದ ಅವನು ವೈರನ್ನೂ ಸುತ್ತಿ ತಂದ. ದಿನದ ಆರು ಸರತಿ ನಾಲ್ಕಾಯಿತು, ಜನ ಮೊದಲೇ ಹೆಸರು ಬರೆಸಿ ಕಾಯತೊಡಗಿದರು. ಹಸಿರು ಒಂದೂವರೆ ವರ್ಷದಲ್ಲಿ ಕಂದಿತು. ಪರದೆಯ ಬುಡದಲ್ಲಿ ಮಾತ್ರ ಚಹಾ ಚೆಲ್ಲಿದಂಥ ಗುರುತು ಉಳಿಯಿತು. ಅದು ಹೋಗುವುದು ಅನುಮಾನ ಎಂದರು ಮೇಡಂ. ಗೈಡಮ್ಮ ಅದನ್ನೂ ಜನರಿಗೆ ತೋರಿಸುತ್ತಾಳೆ, ಏನಾಗಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಮೊನ್ನೆ ಹನ್ನೆರಡು ಜನರನ್ನು ಇಳಿಸಿಕೊಂಡು ಬರುತ್ತಿದ್ದಾಗ ಮುಂದೆ ಹೋಗುತ್ತಿದ್ದ ಮೈದುನ ತಟ್ಟನೆ ಕೈ ಎತ್ತಿ ನಿಂತ. ಎಪ್ಪತ್ತನೆಯ ಮೆಟ್ಟಿಲ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ, ಅಚ್ಚ ಬಿಳಿಯ ಹುಳು. ಕಣ್ಣಿಲ್ಲ. ಮೈಗಿಂತ ಉದ್ದದ ಮೀಸೆ ಆಡಿಸುತ್ತ ನಡೆಯುತ್ತಿತ್ತು.

“ಏನಪ್ಪಾ ಇದು?”

“ಗೊತ್ತಿಲ್ಲ ಅತ್ತಿಗೆ. ಇಷ್ಟು ವರ್ಷದಲ್ಲಿ ನಾನು ನೋಡೇ ಇಲ್ಲ. ಮೇಡಂಗೆ ಫೋನ್ ಮಾಡೋಣ.”

ಗೈಡಮ್ಮ ಹಿಂದಕ್ಕೆ ತಿರುಗಿ, ಟೋಪಿದೀಪ ಆರಿಸಿ ಎಂದು ಪಿಸುಗುಟ್ಟಿದಳು. ಮೆಟ್ಟಿಲ ಬದಿಯ ಸಣ್ಣ ದೀಪದ ಮಸುಕು ಬೆಳಕೊಂದೇ ಉಳಿಯಿತು. ಹದಿನಾಲ್ಕು ಜನ ಆ ಅರೆಗತ್ತಲೆಯಲ್ಲಿ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ಅದು ಮೆಟ್ಟಿಲು ದಾಟುವವರೆಗೂ ಕಾದು ನಿಂತರು.